ಅಡ್ಡ ನಿಲ್ಲುವವಳು

ಜನವರಿ 6, ಸೋಮವಾರ

ಹಿರಿಯಣ್ಣ ಸಾರ್ ಹೇಳಿದ್ದಕ್ಕೆ ಈ ನೋಟ್‌ಬುಕ್ ತೆಗೆದಿದ್ದೇನೆ. ಪ್ರತಿ ಮ್ಯಾಚ್ ಮುಗಿದ ಮೇಲೆ ಎಷ್ಟು ಶಾಟ್ ಹೊಡೆದೆ, ಎಷ್ಟು ಬಿತ್ತು, ಎಲ್ಲಿಂದ ಹೊಡೆದೆ ಎಂದು ಬರೆದಿಡಬೇಕಂತೆ. ಹತ್ತು ವರ್ಷದಿಂದ ಕಾಂದಿವಲಿಯ ನಮ್ಮ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಕೋಚ್ ಆಗಿದ್ದಾರೆ, ನನಗೆ ಇಂಥ ಹೋಂವರ್ಕ್ ಕೊಟ್ಟದ್ದು ಇದೇ ಮೊದಲು.

ಬರೆಯುತ್ತೇನೆ. ನಿನ್ನೆ, ಲೀಗಿನ ಕೊನೆಯ ಮ್ಯಾಚ್. ಹದಿನಾಲ್ಕು ಶಾಟ್, ಬಿದ್ದದ್ದು ಮೂರು. ಒಟ್ಟು ಏಳು ಪಾಯಿಂಟ್. ಅದರ ಹಿಂದಿನದರಲ್ಲಿ ಹನ್ನೆರಡಕ್ಕೆ ನಾಲ್ಕು.

ಇಷ್ಟಾದರೂ ನಾಲ್ಕನೆಯ ಸ್ಥಾನದಲ್ಲಿ ಹೇಗೋ ಪ್ಲೇಆಫ್ ಸೇರಿದ್ದೇವೆ. ಸೆಮಿಫೈನಲ್ ಬಾಂದ್ರಾ ತಂಡದ ಮೇಲೆ. ಮೂರು ಭಾನುವಾರ, ಮೂರು ಮ್ಯಾಚ್. ಎರಡು ಗೆದ್ದವರು ಫೈನಲ್‌ಗೆ.

ನನಗೀಗ ಮೂವತ್ತೆರಡು. ಕಾಲು ಇನ್ನೂ ಗಟ್ಟಿಯಾಗಿದೆ. ತೊಂದರೆ ಇರುವುದು ಮೊಣಕೈಯಲ್ಲಿ. ಬಾಲ್ ಬಿಡುವಾಗ ಅದು ಹೊರಗೆ ವಾಲುತ್ತಿದೆ. ದಿನಕ್ಕೆ ಇನ್ನೂರು ಶಾಟ್ ಹೊಡೆದು ತಿದ್ದಿಕೊಂಡರೆ ಸರಿಹೋಗುತ್ತದೆ.

ಬೆಳಿಗ್ಗೆ ಕಾಫಿ ಕೊಡುತ್ತ ನನ್ನ ಗಂಡ ಅಭಿರಾಮ್, “ನಿಶ್ಮಿತಾ ಹೋದ್ಮೇಲೆ ಅಲ್ವಾ ಹೀಗಾಗಿರೋದು?” ಎಂದ. ನಿಶ್ಮಿತಾ ನನ್ನ ಜೊತೆ ಒಂಬತ್ತು ವರ್ಷ ಆಡಿದವಳು, ನಮ್ಮಲ್ಲೆಲ್ಲ ಎತ್ತರದ ಹುಡುಗಿ. ಅಕ್ಟೋಬರಿನಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡಳು. ಅದಕ್ಕೂ ನನ್ನ ಮೊಣಕೈಗೂ ಏನು ಸಂಬಂಧ ಎಂದೆ.

ಜನವರಿ 8, ಬುಧವಾರ

ಇವತ್ತು ಪ್ರಾಕ್ಟೀಸಿಗೆ ಮೊದಲು ಸಾರ್ ಎಲ್ಲರನ್ನೂ ಕೋರ್ಟಿನ ಮೇಲೆ ಕೂರಿಸಿಕೊಂಡರು. ಆಟದ ಪ್ಲಾನ್ ಬದಲಾಯಿಸುತ್ತಾರಂತೆ.

ಇಷ್ಟು ವರ್ಷ ನಾವು ಪಾಯಿಂಟ್ ಮಾಡುತ್ತಿದ್ದ ಬಗೆ ಒಂದೇ. ಬಾಲ್ ನನ್ನ ಕೈಗೆ ಬರುತ್ತದೆ. ನನ್ನನ್ನು ತಡೆಯಲು ಕಾಯುವ ಎದುರಾಳಿಯ ದಾರಿಗೆ ನಿಶ್ಮಿತಾ ಕಂಬದಂತೆ ಅಡ್ಡ ನಿಲ್ಲುತ್ತಾಳೆ. ಅವಳು ನಿಶ್ಮಿತಾಗೆ ಡಿಕ್ಕಿ ಹೊಡೆದು ಹಿಂದುಳಿಯುತ್ತಾಳೆ, ಅಷ್ಟರಲ್ಲಿ ನಾನು ಶಾಟ್ ಹೊಡೆಯುತ್ತೇನೆ. ಹೀಗೆ ಅಡ್ಡ ನಿಲ್ಲುವುದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಸ್ಕೋರ್ ಹಾಳೆಯಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ.

“ಇನ್ಮೇಲೆ ಬಾಲ್ ಮಹಾದೇವಿ ಕೈಗೆ ಹೋಗ್ಲಿ. ಸ್ಕ್ರೀನ್‌ಗೆ ಧಾತ್ರಿ ನಿಂತ್ಕೋತಾಳೆ,” ಎಂದರು ಸಾರ್, ನನ್ನ ಕಡೆ ಕೈ ತೋರಿಸಿ.

ಮಹಾದೇವಿಗೆ ಹತ್ತೊಂಬತ್ತು ವರ್ಷ. ಭಾಂಡುಪಿನವಳು. ತಂದೆ ಖಂಡಪ್ಪ ವಿಜಯಪುರದ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸ ಮಾಡುವವರು. ಅವಳು ಬೆಳಿಗ್ಗೆ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸಿ, ಮಧ್ಯಾಹ್ನ ಕಾಲೇಜಿಗೆ ಹೋಗಿ, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ಸಂಜೆ ಕಾಂದಿವಲಿಗೆ ಬರುತ್ತಾಳೆ. ಮುನಿಸಿಪಲ್ ಶಾಲೆಯ ಮೈದಾನದಲ್ಲಿ ಆಡುತ್ತಿದ್ದವಳನ್ನು ಎರಡು ವರ್ಷದ ಹಿಂದೆ ನಿಶ್ಮಿತಾ ನೋಡಿ ಕ್ಲಬ್ಬಿಗೆ ಕರೆತಂದಿದ್ದಳು. ವೇಗ ಇದೆ. ತಾಳ್ಮೆ ಇಲ್ಲ.

“ಸಾರ್, ಸ್ಕ್ರೀನ್ ನಿಲ್ಲೋಕೆ ಎತ್ತರ ಬೇಕು. ನಾನು ಐದಡಿ ಆರು,” ಎಂದೆ.

“ಎತ್ತರ ಬೇಡ ಕಣಮ್ಮ. ಕಾಲು ಊರಿ ನಿಲ್ಲೋಕೆ ಬಂದ್ರೆ ಸಾಕು.”

“ನನ್ನ ಶಾಟ್ ವಾಪಸ್ ಬರುತ್ತೆ ಸಾರ್. ನಂಗೊಂದು ಮ್ಯಾಚ್ ಕೊಡಿ.”

ಸಾರ್ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಸರಿ. ಮೊದಲನೇ ಮ್ಯಾಚ್ ನಿನ್ನ ಇಷ್ಟದಂಗೆ ಆಗ್ಲಿ,” ಎಂದರು.

ಜನವರಿ 12, ಭಾನುವಾರ

ಸೋತೆವು. ಹದಿನೇಳು ಪಾಯಿಂಟಿನ ಅಂತರ. ನಾನು ಹದಿನೈದಕ್ಕೆ ಎರಡು.

ಮ್ಯಾಚ್ ಮುಗಿದ ಮೇಲೆ ನೀರಿನ ಕ್ಯಾನಿನ ಹತ್ತಿರ ಮಹಾದೇವಿ ಬಂದು, “ಅಕ್ಕಾ, ನಾ ಎಡಗಡೆ ಕಾರ್ನರ್‌ದಾಗ ಖಾಲಿ ನಿಂತಿದ್ದೆರಿ. ಐದ್ ಸಲ ಕರದೆ. ನೀವು ನೋಡಲೇ ಇಲ್ಲ,” ಎಂದಳು. ಗದ್ದಲದಲ್ಲಿ ಕೇಳಿಸಲಿಲ್ಲ ಎಂದೆ. ಕೇಳಿಸಿತ್ತು.

ಜನವರಿ 14, ಮಂಗಳವಾರ

ಸಂಕ್ರಾಂತಿ, ಆಫೀಸಿಗೆ ರಜೆ ಹಾಕಿದ್ದೆ. ಅಭಿರಾಮ್ ಎಳ್ಳು ಬೆಲ್ಲ ಹಂಚಲು ಪಕ್ಕದ ಬಿಲ್ಡಿಂಗಿಗೆ ಹೋಗಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಮ್ಯಾಚ್‌ಗಳ ವಿಡಿಯೊ ಹಾಕಿಕೊಂಡು ಕೂತೆ. ಕ್ಲಬ್ಬಿನವರು ಗ್ಯಾಲರಿಯ ಮೇಲೆ ಒಂದು ಕ್ಯಾಮೆರಾ ಇಟ್ಟಿರುತ್ತಾರೆ, ಇಡೀ ಕೋರ್ಟ್ ಕಾಣುತ್ತದೆ. ನನ್ನ ಶಾಟ್ ಚೆನ್ನಾಗಿ ಬೀಳುತ್ತಿದ್ದಾಗ ಮೊಣಕೈ ಹೇಗಿತ್ತೆಂದು ನೋಡಬೇಕಿತ್ತು. ಅಕ್ಟೋಬರ್ ಆರರ ಮ್ಯಾಚ್ ಹಾಕಿದೆ. ಆ ದಿನ ನನ್ನದು ಮೂವತ್ತೊಂದು ಪಾಯಿಂಟ್, ಜೀವನದಲ್ಲೇ ಹೆಚ್ಚು.

ಮೊಣಕೈ ಆಗಲೂ ಹೊರಗೆ ವಾಲಿತ್ತು. ಈಗಿನಷ್ಟೇ.

ಎರಡನೆಯ ಸಲ ಹಾಕಿ ನಿಶ್ಮಿತಾಳನ್ನು ಮಾತ್ರ ನೋಡಿದೆ. ನನ್ನ ಹದಿಮೂರು ಶಾಟ್ ಬಿದ್ದಿದ್ದವು. ಹನ್ನೊಂದರಲ್ಲಿ ನನ್ನನ್ನು ಕಾಯುತ್ತಿದ್ದ ಹುಡುಗಿ ನಿಶ್ಮಿತಾಳ ಮೈಗೆ ಬಡಿದು ಎರಡು ಹೆಜ್ಜೆ ಹಿಂದೆ ಉಳಿದಿದ್ದಾಳೆ. ಆ ಹನ್ನೊಂದು ಶಾಟ್ ಯಾರು ಹೊಡೆದರೂ ಬೀಳುವಂಥವು. ಪ್ರತಿ ಸಲ ಡಿಕ್ಕಿ ತಿಂದ ಮೇಲೆ ನಿಶ್ಮಿತಾ ತಿರುಗಿ ರಿಂಗಿನ ಕೆಳಗೆ ಓಡುತ್ತಾಳೆ, ಪಾಸ್ ಕೊಡು ಎಂದು ಕೈ ಎತ್ತುತ್ತಾಳೆ. ಎಣಿಸಿದೆ, ಹತ್ತೊಂಬತ್ತು ಸಲ. ನಾನು ಪಾಸ್ ಕೊಟ್ಟದ್ದು ಎರಡು ಸಲ. ಮಿಕ್ಕ ಹದಿನೇಳು ಸಲವೂ ಅವಳು ಕೈ ಇಳಿಸಿ ಡಿಫೆನ್ಸಿಗೆ ಓಡಿದ್ದಾಳೆ, ಮುಖದಲ್ಲಿ ಬೇಸರವಿಲ್ಲ.

ಆ ಮ್ಯಾಚಿನ ಬಗ್ಗೆ ಇನ್ನೊಂದು ವಿಷಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಜನವರಿ 15, ಬುಧವಾರ

ಪ್ರಾಕ್ಟೀಸಿಗೆ ಒಂದು ಗಂಟೆ ಮೊದಲೇ ಹೋಗಿ, “ಸ್ಕ್ರೀನ್ ನಿಲ್ಲೋದು ಹೇಳಿಕೊಡಿ ಸಾರ್,” ಎಂದೆ. ಸಾರ್ ಯಾಕೆಂದು ಕೇಳಲಿಲ್ಲ. ಅರವತ್ತಾರು ವರ್ಷದ ಮನುಷ್ಯ ತಾವೇ ಎದುರಿಗೆ ನಿಂತು ತೋರಿಸಿದರು.

“ಕಾಲು ಭುಜಕ್ಕಿಂತ ಅಗಲ. ಕೈ ಎದೆ ಮೇಲೆ. ನಿಂತ್ಮೇಲೆ ಒಂದಿಂಚೂ ಅಲುಗಾಡಂಗಿಲ್ಲ, ಅಲುಗಾಡಿದ್ರೆ ಫೌಲ್. ಅವಳು ಓಡ್ಕೊಂಡು ಬರ್ತಾಳೆ, ಬಂದು ಬಡೀತಾಳೆ. ಬಡಿಸ್ಕೋ. ಕಣ್ಣು ಮಾತ್ರ ಮುಚ್ಚಬೇಡ.”

ಹತ್ತು ಸಲದಲ್ಲಿ ಎಂಟು ಸಲ ಮುಚ್ಚಿದೆ. ಮಹಾದೇವಿ ನಕ್ಕಳು. ಸಂಜೆ ಬಟ್ಟೆ ಬದಲಿಸುವಾಗ ನೋಡಿದರೆ ಪಕ್ಕೆಯ ಮೇಲೆ ಅಂಗೈಯಗಲ ಕಂದಿತ್ತು. ನಿಶ್ಮಿತಾಳ ಪಕ್ಕೆ ಒಂಬತ್ತು ವರ್ಷ ಹೀಗೇ ಇದ್ದಿರಬೇಕು. ಒಂದೇ ಡ್ರೆಸಿಂಗ್ ರೂಮಿನಲ್ಲಿ ಬಟ್ಟೆ ಬದಲಿಸುತ್ತಿದ್ದೆವು. ನಾನು ನೋಡಿದ ನೆನಪಿಲ್ಲ.

ಜನವರಿ 19, ಭಾನುವಾರ

ಗೆದ್ದೆವು! ಐದು ಪಾಯಿಂಟಿನಿಂದ. ಮಹಾದೇವಿ ಇಪ್ಪತ್ತಾರು ಹೊಡೆದಳು. ಬಾಂದ್ರಾದವರು ಮೊದಲ ಅರ್ಧ ನನ್ನನ್ನೇ ಕಾಯುತ್ತಿದ್ದರು, ಬಾಲ್ ಇನ್ನೊಂದು ಕಡೆ ಹೋಗುತ್ತಿದೆ ಎಂದು ಅವರಿಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಮೂರನೆಯ ಕ್ವಾರ್ಟರಿನಲ್ಲಿ ಅವಳು ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ತಿರುಗಿದ್ದನ್ನು ನೋಡಬೇಕಿತ್ತು. ಅವಳನ್ನು ಕಾಯುತ್ತಿದ್ದವಳು ನೇರ ನನ್ನ ಮೇಲೆ ಬಂದು ಬಿದ್ದಳು. ಉಸಿರು ನಿಂತಂತಾಯಿತು. ನೆಲದಿಂದ ತಲೆ ಎತ್ತುವಷ್ಟರಲ್ಲಿ ಬಾಲ್ ಬಲೆಯೊಳಗಿತ್ತು.

ಮೂರನೆಯ ಮ್ಯಾಚಿಗೆ ರಾಜ್ಯ ತಂಡದ ಆಯ್ಕೆಗಾರರು ಬರುತ್ತಾರಂತೆ. ಸಾರ್ ಗುಟ್ಟಾಗಿ ನನಗೊಬ್ಬಳಿಗೆ ಹೇಳಿದರು. ಐದು ನಿಮಿಷದಲ್ಲಿ ಇಡೀ ತಂಡಕ್ಕೆ ಗೊತ್ತಾಗಿತ್ತು. ರಾಜ್ಯ ತಂಡದಲ್ಲಿ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತದೆ. ನನಗೆ ಬಾಂದ್ರಾದ ಆಫೀಸಿನ ಕೆಲಸ ಸಿಕ್ಕಿದ್ದೂ ಹಾಗೆಯೇ. ಮಹಾದೇವಿ ತನ್ನ ಶೂ ಒರೆಸುತ್ತ ಕೂತಿದ್ದಳು. ಒಂದೇ ಶೂ, ಎಷ್ಟೋ ಹೊತ್ತು.

ಜನವರಿ 23, ಗುರುವಾರ

ಆಫೀಸಿನಲ್ಲಿ ಊಟದ ಹೊತ್ತು. ಡಬ್ಬಿ ತೆರೆದಿಲ್ಲ. ಇದನ್ನು ಬರೆದು ಮುಗಿಸಬೇಕು.

ನಿನ್ನೆ ಪ್ರಾಕ್ಟೀಸಿನಲ್ಲಿ ಮಹಾದೇವಿಯ ಕೈ ನನ್ನ ಕೈಗೆ ತಗುಲಿತು. ಕಾದ ಕಾವಲಿಯ ಹಾಗಿತ್ತು.

“ಜ್ವರ ಇದೆಯಾ?”

“ಏನಿಲ್ರಿ ಅಕ್ಕಾ. ಗುಳಿಗಿ ತಗೊಂಡೀನಿ. ಸಂಡೇ ಅನ್ನೂದ್ರಾಗ ಕಡಿಮಿ ಆಗ್ತದ.”

ಆಮೇಲೆ ನಾನು ಮಾಡಿದ್ದು ನನಗೇ ಸರಿಯಾಗಿ ನೆನಪಿಲ್ಲ. ಬಾಲನ್ನು ಕಿತ್ತು ಎಸೆದೆನಂತೆ, ಕೂಗಾಡಿದೆನಂತೆ. ರಿಕ್ಷಾದಲ್ಲಿ ಕೂರಿಸಿಕೊಂಡು ಸ್ಟೇಷನ್ ಹತ್ತಿರದ ಡಾಕ್ಟರಲ್ಲಿಗೆ ಕರೆದೊಯ್ದೆ. ರಕ್ತ ಪರೀಕ್ಷೆ ಆಯಿತು. ಇವತ್ತು ಬೆಳಿಗ್ಗೆ ರಿಪೋರ್ಟ್ ಬಂತು. ಡೆಂಗಿ ಅಲ್ಲ, ವೈರಲ್ ಜ್ವರ. ಆದರೆ ಒಂದು ವಾರ ಆಡಬಾರದು ಎಂದರು ಡಾಕ್ಟರ್. ನಾನು ಅವರನ್ನು ಕೇಳಿದೆ, ಡೆಂಗಿ ಇದ್ದವಳು ಇಡೀ ಮ್ಯಾಚ್ ಆಡಿದರೆ ಅದರಿಂದಲೇ ಸಾಯುತ್ತಾಳಾ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹಾಗೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು.

ಬರೆಯುತ್ತೇನೆ. ಅಕ್ಟೋಬರ್ ಆರರ ಬೆಳಿಗ್ಗೆ ನಿಶ್ಮಿತಾ ಫೋನ್ ಮಾಡಿದ್ದಳು.

“ಧಾತ್ರಿ, ಮೂರು ದಿನದಿಂದ ಜ್ವರ ಉಂಟು ಮಾರಾಯ್ತಿ. ಮೈಯೆಲ್ಲ ನೋವು. ಇವತ್ತು ನಾನು ಬರುದಿಲ್ಲ ಆಯ್ತಾ?”

“ಒಂದು ಮಾತ್ರೆ ನುಂಗಿ ಬಾ ಕಣೆ. ನೀನಿಲ್ದೆ ನಾನು ಹ್ಯಾಗೆ ಆಡ್ಲಿ?”

ಬಂದಳು. ಡ್ರೆಸಿಂಗ್ ರೂಮಿನಲ್ಲಿ ಗೋಡೆಗೆ ತಲೆ ಆನಿಸಿ ಕೂತು ಇನ್ನೊಮ್ಮೆ ಹೇಳಿದಳು, ಆಗುವುದಿಲ್ಲ ಅನಿಸುತ್ತದೆ ಎಂದು. ಎರಡು ಕ್ವಾರ್ಟರ್ ಆಡು ಸಾಕು ಎಂದೆ. ಸಾರ್‌ಗೆ ಹೇಳಬೇಡ, ಕೂರಿಸಿಬಿಡುತ್ತಾರೆ ಎಂದೂ ಹೇಳಿದೆ. ಎರಡು ಕ್ವಾರ್ಟರ್ ಮುಗಿದಾಗ ನನ್ನದು ಹದಿನೆಂಟು ಪಾಯಿಂಟ್ ಆಗಿತ್ತು. ಅವಳನ್ನು ಬಿಡುವ ಮನಸ್ಸು ನನಗಾಗಲಿಲ್ಲ. ನಾಲ್ಕೂ ಕ್ವಾರ್ಟರ್ ಆಡಿದಳು. ಮಂಗಳವಾರ ಆಸ್ಪತ್ರೆಗೆ ಸೇರಿಸಿದರು. ಶುಕ್ರವಾರ ಹೋದಳು.

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಅಭಿರಾಮ್‌ಗೂ.

ಜನವರಿ 24, ಶುಕ್ರವಾರ

ಸಾರ್ ಮನೆಗೆ ಹೋಗಿ ರಿಪೋರ್ಟ್ ಕೊಟ್ಟೆ. ಮಹಾದೇವಿಯನ್ನು ಆಡಿಸಬೇಡಿ ಎಂದೆ.

“ಅವಳಿಲ್ದೆ ಸೋಲ್ತೀವಿ ಧಾತ್ರಿ.”

“ಸೋಲೋಣ ಸಾರ್.”

ಸಾರ್ ರಿಪೋರ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡು, ಸರಿ ಎಂದರು. ಆಮೇಲೆ ಅಕ್ಟೋಬರಿನದನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಅವರ ಟೀಪಾಯಿಯ ಮೇಲಿದ್ದ ಪೇಪರ್ ನೋಡುತ್ತ ಹೇಳಿದೆ. ಅವರು ಎದ್ದು ಹೋಗಿ ಕಿಟಕಿ ಹತ್ತಿರ ನಿಂತರು. “ನಂಗೂ ಕಣ್ಣಿತ್ತಲ್ಲಮ್ಮ ಅವತ್ತು,” ಎಂದರು. “ಅವಳು ಆಗಾಗ ಮಂಡಿ ಮೇಲೆ ಕೈ ಊರ್ತಿದ್ಲು. ಗೆಲ್ತಿದ್ದೀವಲ್ಲ ಅಂತ ಸುಮ್ನಿದ್ದೆ.”

ಅಲ್ಲಿಂದಲೇ ಮಹಾದೇವಿಗೆ ಫೋನ್ ಮಾಡಿದೆ. ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ ಎಂದು.

“ನಂಗ ಏನೂ ಆಗಿಲ್ರಿ. ಡೆಂಗಿ ಅಲ್ಲಂತ ಬಂದದಲ್ಲ!”

“ಡಾಕ್ಟರ್ ಬೇಡ ಅಂದಿದ್ದಾರೆ.”

“ಸಿಲೆಕ್ಟರ್ ಬರಾಕತ್ತಾರ ಅಕ್ಕಾ. ಮತ್ತ ಯಾವಾಗ ಬರ್ತಾರ? ನಿಮ್ಗ ನೌಕರಿ ಸಿಕ್ಕೇದ. ನಿಮ್ದು ಆತು. ನಮ್ದು ಆಗಬಾರದೇನ್ರಿ?”

ಬೇಡ ಎಂದು ಮತ್ತೊಮ್ಮೆ ಹೇಳಿದೆ. ಅವಳು ಫೋನ್ ಇಟ್ಟಳು.

ಜನವರಿ 26, ಭಾನುವಾರ

ಮೂರು ಪಾಯಿಂಟಿನಿಂದ ಸೋತೆವು. ನಮ್ಮ ಸೀಸನ್ ಮುಗಿಯಿತು.

ಮಹಾದೇವಿ ಇಲ್ಲವೆಂದು ಸಾರ್ ಇನ್ನೊಂದು ಬಗೆಯಲ್ಲಿ ಆಡಿಸಿದರು. ಯಾರೊಬ್ಬರ ಕೈಯಲ್ಲೂ ಬಾಲ್ ನಿಲ್ಲಬಾರದು, ಪಾಸ್ ಮಾಡಿದವಳು ತಕ್ಷಣ ಇನ್ನೊಬ್ಬಳಿಗೆ ಸ್ಕ್ರೀನ್ ಆಗಬೇಕು. ಎರಡೇ ದಿನದಲ್ಲಿ ಕಲಿತದ್ದು, ಆದರೂ ಕೊನೆಯ ನಿಮಿಷದವರೆಗೆ ಎಳೆದೆವು. ಸಾಧನಾಗೆ ಹದಿನೇಳು ಪಾಯಿಂಟ್. ಯಾವತ್ತೂ ಆರು ದಾಟದ ಹುಡುಗಿ. ಮ್ಯಾಚ್ ಮುಗಿದ ಮೇಲೆ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಮಹಾದೇವಿ ಗ್ಯಾಲರಿಯಲ್ಲಿ ಸ್ವೆಟರ್ ಹಾಕಿಕೊಂಡು ಅವಳ ತಾಯಿ ಗುರುಬಾಯಿಯವರ ಪಕ್ಕದಲ್ಲಿ ಕೂತಿದ್ದಳು. ಆಯ್ಕೆಗಾರರು ಅವಳಿಂದ ನಾಲ್ಕು ಕುರ್ಚಿ ಆಚೆ. ಅವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ನಾನು ಹೋಗಿ ಮಾತಾಡಿಸಿದೆ. ಮುಖ ತಿರುಗಿಸಿದಳು. ಗುರುಬಾಯಿಯವರು ನನ್ನ ಕೈ ಹಿಡಿದು, “ಸಿಟ್ಟು ಐತಿ ಆಕಿಗೆ. ಬಿಡ್ರಿ,” ಎಂದರು.

ಫೆಬ್ರವರಿ 1, ಶನಿವಾರ

ಭಾಂಡುಪಿಗೆ ಹೋದೆ, ನಿಶ್ಮಿತಾಳ ಮನೆಗೆ. ಹದಿಮೂರನೆಯ ದಿನದ ನಂತರ ಹೋಗಿರಲಿಲ್ಲ. ಅವಳ ಅಮ್ಮ ಸುಗಂಧಿ ಒಬ್ಬರೇ ಇರುತ್ತಾರೆ. ಬಾಗಿಲು ತೆಗೆದವರೇ, “ಎಷ್ಟು ದಿನ ಆಯ್ತು ಮಗಾ! ಎಂತ ಇಷ್ಟು ಸೋತಿದ್ದಿ? ಕೂತ್ಕೋ, ಚಾ ಮಾಡ್ತೇನೆ,” ಎಂದರು.

ಚಾ ಬೇಡ, ಮೊದಲು ಕೇಳಿ ಎಂದೆ. ಎಲ್ಲ ಹೇಳಿದೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದರು.

“ಅವಳು ಬರುದಿಲ್ಲ ಅಂತ ಹೇಳಿದ್ದಳಾ?”

“ಹೂಂ.”

“ಎಷ್ಟು ಸಲ?”

“ಎರಡು ಸಲ.”

“ನನ್ನತ್ರ ಜ್ವರ ಬಿಟ್ಟಿದೆ ಅಂತ ಸುಳ್ಳು ಹೇಳಿ ಹೋದಳು,” ಎಂದರು. ಕೆಳಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಸ್ಟಾರ್ಟ್ ಆಗಿ ಹೋದ ಮೇಲೆ ಸುಗಂಧಿಯಮ್ಮ ಎದ್ದು ಬಾಗಿಲು ತೆರೆದು ನಿಂತರು.

“ನನಗೆ ಈಗ ನಿನ್ನತ್ರ ಎಂತ ಹೇಳ್ಬೇಕು ಅಂತ ಗೊತ್ತಾಗುದಿಲ್ಲ. ಇವತ್ತು ನೀನು ಹೋಗು.”

ಚಪ್ಪಲಿ ಹಾಕಿಕೊಂಡೆ. ಎರಡು ಮೆಟ್ಟಿಲು ಇಳಿದಿದ್ದೆ.

“ಇನ್ನೊಂದು ದಿನ ಬಾ,” ಎಂದು ಬಾಗಿಲು ಹಾಕಿದರು.

ಫೆಬ್ರವರಿ 2, ಭಾನುವಾರ

ಅಭಿರಾಮ್‌ಗೆ ಹೇಳಿದೆ. ಕೇಳಿ ಪಕ್ಕದಲ್ಲಿ ಕೂತ, ಅಷ್ಟೇ.

ಫೆಬ್ರವರಿ 8, ಶನಿವಾರ

ರಾಜ್ಯ ತಂಡಕ್ಕೆ ಓಪನ್ ಟ್ರಯಲ್ಸ್. ಸಾರ್ ಮಹಾದೇವಿಯ ಹೆಸರು ಕೊಟ್ಟಿದ್ದರು. ಮ್ಯಾಚಿನಲ್ಲಿ ನೋಡಿ ಆಯ್ಕೆಯಾದವರು ಒಂಬತ್ತು ಮಂದಿ ಆಗಲೇ ಇದ್ದರು. ಉಳಿದ ಮೂರು ಜಾಗಕ್ಕೆ ನೂರಾ ಎಂಬತ್ತು ಹುಡುಗಿಯರು. ಮಹಾದೇವಿ ನನ್ನನ್ನು ಕರೆದಿರಲಿಲ್ಲ. ಆದರೂ ಹೋಗಿ ಮೈದಾನದ ತಂತಿಬೇಲಿಯ ಹೊರಗೆ ನಿಂತೆ.

ಬಿಸಿಲು ಜೋರಾಗಿತ್ತು. ಐದೈದು ಮಂದಿಯ ಗುಂಪು, ಒಬ್ಬರಿಗೊಬ್ಬರು ಪರಿಚಯವಿಲ್ಲ, ಹತ್ತು ನಿಮಿಷದ ಆಟ. ಬಾಲ್ ಸಿಕ್ಕವಳು ಬಿಡುತ್ತಿರಲಿಲ್ಲ. ಮಹಾದೇವಿ ಚೆನ್ನಾಗಿಯೇ ಆಡಿದಳು, ಆದರೆ ಬಾಲ್ ಅವಳ ಕೈಗೆ ಬಂದದ್ದೇ ನಾಲ್ಕು ಸಲ. ಮೂರು ಬಿತ್ತು. ಸಂಜೆ ಪಟ್ಟಿ ಓದಿದರು. ಹನ್ನೆರಡರಲ್ಲಿ ಅವಳ ಹೆಸರಿಲ್ಲ. ಮೀಸಲು ಆಟಗಾರ್ತಿ, ಎರಡನೆಯವಳು.

ಗೇಟಿನ ಹತ್ತಿರ ನನ್ನನ್ನು ನೋಡಿ ನಿಂತಳು. ಕಣ್ಣು ಕೆಂಪಾಗಿದ್ದವು. ಸ್ಟೇಷನ್‌ವರೆಗೆ ಜೊತೆಯಲ್ಲೇ ನಡೆದೆವು. ಟಿಕೆಟ್ ಕಿಟಕಿಯ ಹತ್ತಿರ ಅವಳೇ ಬಾಯಿಬಿಟ್ಟಳು.

“ಅಲ್ಲಿ ಯಾರೂ ಸ್ಕ್ರೀನ್ ನಿಂದ್ರಂಗಿಲ್ರಿ ಅಕ್ಕಾ. ಎಲ್ಲಾರಿಗೂ ತಮ್ ತಮ್ ಶಾಟ್.”

“ಹೌದು.”

“ಆ ಮ್ಯಾಚ್ ಆಡಿದ್ರ ನನ್ನ ತಗೋತಿದ್ರೇನು?”

“ತಗೋತಿದ್ದರು,” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ತಲೆಯಾಡಿಸಿದಳು. “ನಿಶ್ಮಿತಕ್ಕಂದು ಎಲ್ಲಾ ಸಾಧನಾ ಹೇಳಿದ್ಲು. ಸಾರ್ ಹೇಳ್ಯಾರಂತ ಆಕಿಗೆ.” ಅಷ್ಟು ಹೇಳಿ ಬ್ಯಾಗ್ ಹೆಗಲಿಗೇರಿಸಿ, “ನನ್ನ ಸಿಟ್ಟು ಇನ್ನಾ ಹೋಗಿಲ್ರಿ,” ಎಂದಳು. “ಮಂಗಳವಾರ ಪ್ರಾಕ್ಟೀಸ್ ಐತೇನು?”

ಇದೆ ಎಂದೆ.

ಫೆಬ್ರವರಿ 16, ಭಾನುವಾರ

ಮತ್ತೆ ಭಾಂಡುಪಿಗೆ ಹೋದೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ತೆಗೆದರು. ಒಳಗೆ ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೆಳಗಿನ ಹನ್ನೊಂದು ಗಂಟೆ. ಅಕ್ಕಿ ಆರಿಸುತ್ತಿದ್ದರು ಎಂದು ತೋರುತ್ತದೆ, ಮೊರ ನೆಲದ ಮೇಲಿತ್ತು. ಅದರ ಮುಂದೆ ಕೂತು ಕೆಲಸ ಮುಂದುವರಿಸಿದರು. ನಾನು ಎದುರಿಗೆ ಕೂತೆ.

ಅರ್ಧ ಮೊರ ಆರಿಸಿ ಮುಗಿದ ಮೇಲೆ, ತಲೆ ಎತ್ತದೆಯೇ ಕೇಳಿದರು.

“ಅವಳ ಮ್ಯಾಚ್ ನಾನು ಒಂದೂ ನೋಡ್ಲಿಲ್ಲ. ಪ್ರತಿ ಸಲ ಕರೀತಿದ್ದಳು. ಭಾನುವಾರ ನನಗೆ ಕೆಲಸ ಇರ್ತಿತ್ತು. ಅವತ್ತು ಹೇಗೆ ಆಡಿದಳು?”

“ವಿಡಿಯೊ ಇದೆ ಅಮ್ಮ. ತಂದು ತೋರಿಸ್ಲಾ?”

“ಬೇಡ. ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀನು ಹೇಳು.”

ಮೊದಲಿನಿಂದ ಹೇಳಿದೆ. ಸ್ಕ್ರೀನ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಎದ್ದು ನಿಂತು, ಕಾಲು ಅಗಲಿಸಿ, ಎದೆಯ ಮೇಲೆ ಕೈ ಕಟ್ಟಿ ತೋರಿಸಿದೆ. ಯಾವ ಹುಡುಗಿ ಎಷ್ಟು ಜೋರಾಗಿ ಬಂದಳು, ನಿಶ್ಮಿತಾ ಹೇಗೆ ಅಲುಗಾಡದೆ ನಿಂತಳು, ಬಿದ್ದ ಎದುರಾಳಿಯನ್ನು ಕೈಹಿಡಿದು ಎಬ್ಬಿಸಿದ್ದು, ರೆಫರಿ ಜೊತೆ ಏನೋ ಹೇಳಿ ನಕ್ಕದ್ದು, ಎಲ್ಲ. ನನಗೇ ಆಶ್ಚರ್ಯವಾಗುವಷ್ಟು ನೆನಪಿತ್ತು. ಸುಗಂಧಿಯಮ್ಮನ ಕೈ ಅಕ್ಕಿಯ ಮೇಲೆ ಹಾಗೇ ನಿಂತಿತ್ತು. ಮೂರು ಕ್ವಾರ್ಟರ್ ಮುಗಿಸಿದೆ. ನಾಲ್ಕನೆಯದಕ್ಕೆ ಬಂದಾಗ ಅದನ್ನು ಬೇಗ ಹೇಳಿ ಮುಗಿಸಿಬಿಡಬೇಕೆಂದು ಹೊರಟೆ.

ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು.

“ನಿಧಾನ ಹೇಳು ಮಗಾ,” ಎಂದರು. “ನನಗೇನೂ ಅರ್ಜೆಂಟಿಲ್ಲ.”